ಮೊಣಕಾಲಿನ ಮೃದ್ವಸ್ಥಿಗೆ ಔಷಧವು ತಲಪುವ ದಾರಿ

ಮೊಣಕಾಲು ನೋವಿಗೆಂದು ಒಂದು ಗುಳಿಗೆಯನ್ನು ನುಂಗಿದರೆ ಆ ಗುಳಿಗೆ ಎಲ್ಲಿಗೆ ಹೋಗುತ್ತದೆ? ಹೊರರೋಗಿಗಳ ವಿಭಾಗದಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಜನರು, "ಮೊಣಕಾಲಿಗೇ ಹೋಗ್ತದರಿ" ಎಂದು ಉತ್ತರ ಕೊಡುತ್ತಾರೆ. ನಿಜ ಸಂಗತಿ ಬೇರೆ. ಗುಳಿಗೆಯು ಜಠರದಲ್ಲಿ ಕರಗಿ, ಕರುಳಿನಿಂದ ಹೀರಲ್ಪಟ್ಟು, ರಕ್ತದಲ್ಲಿ ಸೇರಿ, ರಕ್ತ ಹರಿಯುವ ಎಲ್ಲ ಕಡೆಗೂ ಹೋಗುತ್ತದೆ. ಯಕೃತ್ತಿಗೆ ಹೋಗುತ್ತದೆ, ಮೂತ್ರಪಿಂಡಗಳಿಗೆ ಹೋಗುತ್ತದೆ, ಜಠರದ ಒಳಪೊರೆಗೂ ಹೋಗುತ್ತದೆ. ಆದರೆ ಮೊಣಕಾಲಿನಲ್ಲಿ ಸವೆಯುತ್ತಿರುವ ವಸ್ತು ಯಾವುದೋ ಅದರೊಳಗೆ ಒಂದೇ ಒಂದು ರಕ್ತನಾಳವೂ ಇಲ್ಲ. ರಕ್ತವೇ ಹೋಗದ ಜಾಗಕ್ಕೆ ರಕ್ತವನ್ನು ನಂಬಿ ಹೊರಟ ಔಷಧವು ಎಷ್ಟರಮಟ್ಟಿಗೆ ಹೋದೀತು?

ವರ್ಷಗಟ್ಟಲೆ ನೋವಿನ ಗುಳಿಗೆಯನ್ನು ನುಂಗಿದವರ ಮೊಣಕಾಲು ಸವೆಯುತ್ತಲೇ ಹೋಗುವುದಕ್ಕೆ ಇದೊಂದು ದೊಡ್ಡ ಕಾರಣ. ಈ ಅಡಚಣೆಯನ್ನು ದಾಟಿ, ಸವೆಯುವ ವಸ್ತುವಿನ ಒಳಗೇ ಹೊಕ್ಕು ಅಲ್ಲಿಯೇ ಉಳಿಯಬಲ್ಲ ಔಷಧದ ಅಣುಗಳನ್ನು ರೂಪಿಸುವ ಕೆಲಸವು ಈಗ ಹಲವು ದೇಶಗಳಲ್ಲಿ, ನಮ್ಮ ಬೆಂಗಳೂರಿನಲ್ಲಿಯೂ, ನಡೆದಿದೆ. ಆ ಕೆಲಸವು ಎಂಥದು, ಎಲ್ಲಿಯವರೆಗೆ ಬಂದಿದೆ, ಅದು ಕೈಗೆ ಬರುವವರೆಗೆ ಮನೆಯವರು ಏನು ಮಾಡತಕ್ಕದ್ದು ಎಂಬುದನ್ನು ಇಲ್ಲಿ ತಿಳಿಸಲಾಗಿದೆ. ಇದಕ್ಕಾಗಿ ಕೀಲಿನ ರಚನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಓದುಗರು ತಾಳ್ಮೆಯಿಂದ ಓದಬೇಕಾಗಿ ಕೋರಿಕೆ.

ಸವೆಯುವ ವಸ್ತು ಯಾವುದು?

ಕುರಿಯ ಕಾಲನ್ನು ಕೀಲಿನಲ್ಲಿ ಬಿಡಿಸುವುದನ್ನು ನೋಡಿದವರಿಗೆ ಎಲುಬಿನ ತುದಿಗೆ ಅಂಟಿಕೊಂಡಿರುವ, ನೀಲಿ ಛಾಯೆಯ, ಬಿಳುಪಾದ, ನುಣ್ಣಗೆ ಹೊಳೆಯುವ ಪದರವು ಪರಿಚಿತವೇ. ಅದಕ್ಕೆ ಮೃದ್ವಸ್ಥಿ, ಅಂದರೆ ಮೆತ್ತನೆಯ ಎಲುಬು, ಎಂದು ಹೆಸರು. ಮನುಷ್ಯನ ಮೊಣಕಾಲಿನಲ್ಲಿ ತೊಡೆಯ ಎಲುಬಿನ ಕೆಳತುದಿಗೂ ಕಣಕಾಲಿನ ಎಲುಬಿನ ಮೇಲ್ತುದಿಗೂ ಈ ಪದರದ ಹೊದಿಕೆಯುಂಟು. ಇದರ ದಪ್ಪ ಬಹುಮಟ್ಟಿಗೆ 2ರಿಂದ 4 ಮಿಲಿಮೀಟರು ಮಾತ್ರ. ನಡೆಯುವಾಗ, ಮೆಟ್ಟಿಲು ಏರುವಾಗ, ಭಾರ ಹೊರುವಾಗ ದೇಹದ ತೂಕದ ಎರಡು ಮೂರು ಪಟ್ಟು ಒತ್ತಡವು ಇದರ ಮೇಲೆ ಬೀಳುತ್ತದೆ. ಇಷ್ಟು ತೆಳುವಾದ ಪದರವು ಅದನ್ನೆಲ್ಲ ಹೇಗೆ ತಾಳಿಕೊಳ್ಳುತ್ತದೆ?

ಹುಬ್ಬಳ್ಳಿ-ಧಾರವಾಡದವರಿಗೆ ಅರಳೆಯ ಗಾದಿಯನ್ನು ಹೊಸದಾಗಿ ವಿವರಿಸಬೇಕಾದುದಿಲ್ಲ. ಹಿಂಜಿದ ಅರಳೆಯು ಉಬ್ಬಿ ನಿಲ್ಲಬಯಸುತ್ತದೆ. ಬಿಗಿಯಾದ ಗವಸಣಿಗೆಯೂ ಅಡ್ಡ ಉದ್ದ ಹಾಕಿದ ಹೊಲಿಗೆಯೂ ಅದನ್ನು ಉಬ್ಬಗೊಡದೆ ಹಿಡಿದಿಡುತ್ತವೆ. ಇವೆರಡರ ಎಳೆದಾಟದಿಂದಲೇ ಗಾದಿಗೆ ಪುಟಿಯುವ ಗುಣ ಬರುತ್ತದೆ. ಹೊಲಿಗೆ ಹರಿದರೆ ಅರಳೆಯು ಒಂದು ಕಡೆಗೆ ಗಂಟುಗಟ್ಟುತ್ತದೆ. ಅರಳೆ ಸತ್ತರೆ ಗಾದಿಯು ಚಾಪೆಯಂತಾಗುತ್ತದೆ.

ಮೃದ್ವಸ್ಥಿಯ ರಚನೆಯೂ ಹೀಗೆಯೇ ಇದೆ. ಹೊಲಿಗೆಯ ಸ್ಥಾನದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರುಗಳ ಬಲೆಯಿದೆ. ಅರಳೆಯ ಸ್ಥಾನದಲ್ಲಿ ಅಗ್ರಿಕ್ಯಾನ್ ಎಂಬ ದೊಡ್ಡ ಅಣುಗಳಿವೆ. ಅಗ್ರಿಕ್ಯಾನಿನ ಆಕಾರವು ಬಾಟಲಿ ತೊಳೆಯುವ ಬ್ರಶ್ಶಿನಂತೆ: ನಡುವೆ ಒಂದು ಕಡ್ಡಿ, ಸುತ್ತಲೂ ಒತ್ತಾದ ಕೂದಲುಗಳು. ಈ ಕೂದಲುಗಳ ಮೈತುಂಬ ಋಣ ವಿದ್ಯುದಾವೇಶವಿದೆ. ಒಂದೇ ಬಗೆಯ ಆವೇಶಗಳು ಒಂದನ್ನೊಂದು ದೂಡುತ್ತವೆ ಎಂಬುದನ್ನು ಶಾಲೆಯಲ್ಲಿ ಓದಿದ್ದೇವಷ್ಟೆ. ಹೀಗೆ ಕೂದಲುಗಳು ಪರಸ್ಪರ ದೂಡಿಕೊಂಡು ಅಗಲವಾಗಿ ನಿಲ್ಲುತ್ತವೆ. ಸೋಡಿಯಂ ಕಣಗಳನ್ನು ಎಳೆದುಕೊಳ್ಳುತ್ತವೆ. ಅವುಗಳ ಹಿಂದೆ ನೀರು ಬರುತ್ತದೆ. ಮೃದ್ವಸ್ಥಿಯ ತೂಕದಲ್ಲಿ ನೂರಕ್ಕೆ 65ರಿಂದ 80 ಪಾಲು ನೀರೇ. ಈ ನೀರು ತುಂಬಿದ ಅರಳೆಯನ್ನು ಕೊಲಾಜೆನ್ ಬಲೆಯು ಬಿಗಿದು ಹಿಡಿದಿರುವುದರಿಂದ ಅದು ಭಾರವನ್ನು ಹೊರಬಲ್ಲುದು. ಋಣ ವಿದ್ಯುದಾವೇಶದ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಔಷಧಗಳ ಕೀಲಿಕೈ ಇದರಲ್ಲಿದೆ.

ಮೃದ್ವಸ್ಥಿಯಲ್ಲಿ ಜೀವಕೋಶಗಳು ಬಹಳ ಕಡಿಮೆ. ಅವು ಆಕ್ರಮಿಸುವ ಜಾಗವು ನೂರಕ್ಕೆ ಒಂದೆರಡು ಪಾಲಿನಷ್ಟೇ. ರಕ್ತನಾಳವಿಲ್ಲ ಎಂದು ಮೊದಲೇ ಹೇಳಿದೆ. ನರಗಳೂ ಇಲ್ಲ. ಆದುದರಿಂದಲೇ ಸವೆತದ ಆರಂಭದಲ್ಲಿ ನೋವು ತಿಳಿಯುವುದಿಲ್ಲ. ಮುಂದೆ ಕಾಣಿಸುವ ನೋವು ಮೃದ್ವಸ್ಥಿಯದಲ್ಲ, ಅದರ ಕೆಳಗಿನ ಎಲುಬಿನದು ಮತ್ತು ಕೀಲಿನ ಒಳಪೊರೆಯದು. ನೋವು ಕಾಣಿಸುವ ಹೊತ್ತಿಗೆ ಸವೆತವು ಬಹಳ ದೂರ ಹೋಗಿರುತ್ತದೆ.

ಹಾಳಾದ ಮೃದ್ವಸ್ಥಿಯು ತಾನಾಗಿ ಸರಿಯಾಗುವುದಿಲ್ಲ ಎಂಬುದನ್ನು ವಿಲಿಯಂ ಹಂಟರ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1743ರಲ್ಲಿಯೇ ಹೇಳಿದ್ದನು. ಅದಕ್ಕೆ ಬಲವಾದ ಪುರಾವೆಯು ಸಿಕ್ಕಿದ್ದು ತೀರ ಈಚೆಗೆ. 1950 ಮತ್ತು 1960ರ ದಶಕಗಳಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲವು ಹೆಚ್ಚಿತ್ತು. ಆ ಕಾಲದಲ್ಲಿ ಬೆಳೆಯುತ್ತಿದ್ದ ಮಕ್ಕಳ ದೇಹದಲ್ಲಿ ಅದರ ಗುರುತು ಉಳಿದಿದೆ. ಮೊಣಕಾಲಿನ ಮೃದ್ವಸ್ಥಿಯನ್ನು ಈ ಗುರುತಿನಿಂದ ಪರೀಕ್ಷಿಸಿದ ಡೆನ್ಮಾರ್ಕಿನ ಸಂಶೋಧಕರು, ಅದರ ಕೊಲಾಜೆನ್ ಬಲೆಯು ಬಾಲ್ಯದಲ್ಲಿ ಮತ್ತು ಹರೆಯದಲ್ಲಿ ನೇಯಲ್ಪಟ್ಟದ್ದು, ಅನಂತರ ಬಹುತೇಕ ಹೊಸದಾಗುವುದೇ ಇಲ್ಲ ಎಂದು 2016ರಲ್ಲಿ ತೋರಿಸಿದರು. ಅರವತ್ತು ವರ್ಷದ ಅಜ್ಜಿಯು ಇಂದಿಗೂ ತನ್ನ ಹದಿನೈದನೆಯ ವಯಸ್ಸಿನ ಹೊಲಿಗೆಯ ಮೇಲೆಯೇ ನಡೆಯುತ್ತಿದ್ದಾಳೆ.

ಔಷಧವು ಏಕೆ ತಲಪುವುದಿಲ್ಲ?

ಗುಳಿಗೆಯ ಔಷಧವು ರಕ್ತದಿಂದ ಕೀಲಿನ ಒಳಪೊರೆಗೆ ಬಂದು, ಅಲ್ಲಿಂದ ಕೀಲುರಸಕ್ಕೆ ಇಳಿದು, ಕೀಲುರಸದಿಂದ ಮೃದ್ವಸ್ಥಿಯೊಳಗೆ ಜಿನುಗಬೇಕು. ದಾರಿಯುದ್ದಕ್ಕೂ ಅದು ತೆಳುವಾಗುತ್ತ ಹೋಗುತ್ತದೆ. ಕೊನೆಗೆ ಸಾಕಷ್ಟು ಮುಟ್ಟಲೆಂದು ಪ್ರಮಾಣವನ್ನು ಹೆಚ್ಚಿಸಿದರೆ ಇಡೀ ದೇಹವೇ ಅದರ ಫಲವನ್ನು ಉಣ್ಣಬೇಕಾಗುತ್ತದೆ. ಇದು ಬರಿಯ ತರ್ಕವಲ್ಲ. ಮೃದ್ವಸ್ಥಿಯನ್ನು ಕತ್ತರಿಸುವ ಒಂದು ಬಗೆಯ ಕಿಣ್ವಗಳನ್ನು ತಡೆಯಲೆಂದು ತಯಾರಿಸಿದ ಒಂದು ಗುಳಿಗೆಯನ್ನು ಮೊಣಕಾಲಿನ ರೋಗಿಗಳ ಮೇಲೆ ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸವೆತವು ನಿಲ್ಲಲಿಲ್ಲ, ಬದಲಿಗೆ ಹಲವರ ಭುಜ ಮತ್ತು ಕೈಗಳ ಕೀಲುಗಳು ಬಿಗಿದುಕೊಂಡವು. ಮೊಣಕಾಲಿಗೆಂದು ಕೊಟ್ಟ ಮದ್ದು ಭುಜವನ್ನು ಹಿಡಿಯಿತು. ಅಗ್ರಿಕ್ಯಾನನ್ನು ಕತ್ತರಿಸುವ ಕಿಣ್ವವನ್ನು ತಡೆಯುವ ಇನ್ನೊಂದು ಗುಳಿಗೆಯನ್ನು 900ಕ್ಕೂ ಹೆಚ್ಚು ರೋಗಿಗಳಿಗೆ ಒಂದು ವರ್ಷ ಕೊಟ್ಟು ನೋಡಲಾಯಿತು. ಮೃದ್ವಸ್ಥಿಯ ಸವೆತವು ಅದರಿಂದ ಕಡಿಮೆಯಾಗಲಿಲ್ಲವೆಂದು 2020ರಲ್ಲಿ ತಿಳಿದುಬಂತು.

ಹಾಗಾದರೆ ನೇರವಾಗಿ ಕೀಲಿಗೇ ಚುಚ್ಚಬಾರದೇಕೆ? ಚುಚ್ಚಬಹುದು, ಚುಚ್ಚುತ್ತಲೂ ಇದ್ದೇವೆ. ಆದರೆ ಕೀಲು ಮುಚ್ಚಿದ ಡಬ್ಬಿಯಲ್ಲ. ಒಳಪೊರೆಯ ಸೂಕ್ಷ್ಮ ರಕ್ತನಾಳಗಳು ಸಣ್ಣ ಅಣುಗಳನ್ನು ಕೆಲವೇ ಗಂಟೆಗಳಲ್ಲಿ ಎಳೆದುಕೊಂಡು ಹೋಗುತ್ತವೆ. ಮೃದ್ವಸ್ಥಿಯೊಳಕ್ಕೆ ಜಿನುಗಲು ಬೇಕಾಗುವ ಕಾಲ ದೊಡ್ಡದು, ಔಷಧವು ಕೀಲಿನಲ್ಲಿ ನಿಲ್ಲುವ ಕಾಲ ಚಿಕ್ಕದು. ಹಾಗೆಂದು ಮೇಲಿಂದ ಮೇಲೆ ಚುಚ್ಚುವುದೂ ಕ್ಷೇಮವಲ್ಲ. ಅಮೆರಿಕದಲ್ಲಿ 140 ಜನ ಮೊಣಕಾಲಿನ ರೋಗಿಗಳಲ್ಲಿ ಅರ್ಧ ಜನರಿಗೆ ಮೂರು ತಿಂಗಳಿಗೊಮ್ಮೆ ಸ್ಟೀರಾಯ್ಡ್ ಔಷಧವನ್ನೂ ಉಳಿದವರಿಗೆ ಬರಿಯ ಲವಣಜಲವನ್ನೂ ಎರಡು ವರ್ಷಗಳ ಕಾಲ ಕೀಲಿಗೆ ಚುಚ್ಚಿ 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೋವಿನಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ. ಮೃದ್ವಸ್ಥಿಯು ಮಾತ್ರ ಸ್ಟೀರಾಯ್ಡ್ ಗುಂಪಿನಲ್ಲಿ 0.21 ಮಿಲಿಮೀಟರು, ಲವಣಜಲದ ಗುಂಪಿನಲ್ಲಿ 0.10 ಮಿಲಿಮೀಟರು ಸವೆದಿತ್ತು. ತೀವ್ರವಾದ ಬಾವು ಬಂದಾಗ ತಜ್ಞರು ಒಮ್ಮೆ ಕೊಡುವ ಚುಚ್ಚುಮದ್ದಿಗೆ ಅದರದೇ ಆದ ಸ್ಥಾನವುಂಟು. ಪಗಾರ ಬಂದ ತಿಂಗಳಿಗೊಮ್ಮೆ ಹೋಗಿ ಚುಚ್ಚಿಸಿಕೊಂಡು ಬರುವ ರೂಢಿಯು ಬೇರೆ ಮಾತು.

ಋಣಕ್ಕೆ ಧನ

ಅಡ್ಡಗೋಡೆಯಾಗಿದ್ದ ಅಗ್ರಿಕ್ಯಾನನ್ನೇ ಬಾಗಿಲಾಗಿ ಮಾಡಿಕೊಳ್ಳಬಾರದೇಕೆ ಎಂದು ಸಂಶೋಧಕರು ಯೋಚಿಸಿದರು. ಮೃದ್ವಸ್ಥಿಯೊಳಗೆ ಋಣ ವಿದ್ಯುದಾವೇಶವು ಕಿಕ್ಕಿರಿದಿದೆ. ಧನ ವಿದ್ಯುದಾವೇಶವುಳ್ಳ ಒಂದು ಅಣುವನ್ನು ಕೀಲುರಸದಲ್ಲಿ ಬಿಟ್ಟರೆ ಅದನ್ನು ಮೃದ್ವಸ್ಥಿಯು ತಾನಾಗಿ ಒಳಗೆ ಎಳೆದುಕೊಳ್ಳಬೇಕು, ಎಳೆದುಕೊಂಡದ್ದನ್ನು ಸುಲಭವಾಗಿ ಬಿಡಬಾರದು. ಈ ಅಣುವಿನ ಬೆನ್ನಿಗೆ ಔಷಧವನ್ನು ಕಟ್ಟಿದರೆ ಔಷಧವೂ ಒಳಗೆ ಹೋದಂತಾಯಿತು.

ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಆಲನ್ ಗ್ರಾಡ್ಜಿನ್ಸ್ಕಿ ಹಾಗೂ ಭಾರತೀಯ ಮೂಲದ ಅಂಬಿಕಾ ಬಾಜಪೇಯಿ ಇವರು ಈ ವಿಚಾರವನ್ನು ಕ್ರಮವಾಗಿ ಪರೀಕ್ಷಿಸಿದರು. ಅವರು ಆರಿಸಿಕೊಂಡ ವಾಹನವು ಅವಿಡಿನ್ ಎಂಬ ಪ್ರೋಟೀನು. ಇದು ಕೋಳಿಮೊಟ್ಟೆಯ ಬಿಳಿಯ ಭಾಗದಲ್ಲಿರುತ್ತದೆ. (ಮೊಟ್ಟೆಯನ್ನು ತಿಂದರೆ ಮೊಣಕಾಲಿಗೆ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ, ಇಲ್ಲ, ಅದು ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ.) ಅವಿಡಿನ್ನಿನ ಗಾತ್ರ ಸುಮಾರು 7 ನ್ಯಾನೊಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಸುಮಾರು 10 ನ್ಯಾನೊಮೀಟರಿಗಿಂತ ದೊಡ್ಡದಾದ ವಾಹನಗಳು ಮೃದ್ವಸ್ಥಿಯ ಒತ್ತಾದ ಜಾಲದಲ್ಲಿ ಆಳಕ್ಕೆ ಇಳಿಯಲಾರವು ಎಂಬುದು ಅವರ ಪ್ರಯೋಗಗಳಿಂದ ತಿಳಿದುಬಂತು. ಅವಿಡಿನ್ ಮಾತ್ರ ಪೂರ್ತಿ ಆಳಕ್ಕೆ ಇಳಿಯಿತು. ಸುತ್ತಲಿನ ದ್ರವದಲ್ಲಿ ಇದ್ದುದಕ್ಕಿಂತ ನೂರಾರು ಪಟ್ಟು ಹೆಚ್ಚಾಗಿ ಮೃದ್ವಸ್ಥಿಯೊಳಗೆ ತುಂಬಿಕೊಂಡಿತು. ಇಲಿಗಳ ಮೊಣಕಾಲಿನಲ್ಲಿ ಒಂದು ವಾರದ ಮೇಲೂ ಅದು ಉಳಿದಿದ್ದುದನ್ನು 2014ರಲ್ಲಿ ವರದಿ ಮಾಡಿದರು.

ಇಲ್ಲಿ ಒಂದು ನಾಜೂಕಾದ ಅಂಶವಿದೆ. ಧನ ಆವೇಶವು ಹೆಚ್ಚಾದಷ್ಟೂ ಒಳ್ಳೆಯದೆಂದು ತೋರಬಹುದು. ಹಾಗಲ್ಲ. ಲಗ್ನದ ಮನೆಗೆ ಬಂದ ಬೀಗರೊಬ್ಬರು ಹಂದರದ ಬಾಗಿಲಲ್ಲಿಯೇ ಸಿಕ್ಕವರನ್ನು ತಬ್ಬಿಕೊಂಡು ನಿಂತರೆ ಒಳಗಿನ ಪಡಸಾಲೆಯನ್ನು ಮುಟ್ಟುವುದೇ ಇಲ್ಲ. ಅತಿಯಾದ ಆವೇಶವುಳ್ಳ ಅಣುಗಳ ಗತಿಯೂ ಅದೇ. ಅವು ಮೇಲ್ಮೈಯಲ್ಲಿಯೇ ಅಂಟಿಕೊಂಡುಬಿಡುತ್ತವೆ. ಆವೇಶವು ತೀರ ಕಡಿಮೆಯಾದರೆ ಬಂದ ಹಾದಿಯಲ್ಲೇ ಹೊರಬೀಳುತ್ತವೆ. ಎಲ್ಲರಿಗೂ ನಮಸ್ಕಾರ ಹೇಳುತ್ತ, ಯಾರಲ್ಲಿಯೂ ಬಹಳ ಹೊತ್ತು ನಿಲ್ಲದೆ, ಒಳಗೊಳಗೆ ಸಾಗುವ ಅತಿಥಿಯಂತೆ ಔಷಧದ ಅಣುವು ಹಿಡಿಯುತ್ತ ಬಿಡುತ್ತ ಹೋಗಬೇಕು. ಈ ಹದವನ್ನು ಕಂಡುಹಿಡಿಯುವುದೇ ಅಣುವಿನ ವಿನ್ಯಾಸದ ಮುಖ್ಯ ಕೆಲಸ.

ಅವಿಡಿನ್ನಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಜೋಡಿಸಿ, ಮೊಣಕಾಲಿನ ಬಂಧಕವನ್ನು ಗಾಯಗೊಳಿಸಿದ ಮೊಲಗಳ ಮೇಲೆ 2017ರಲ್ಲಿ ಪ್ರಯೋಗಿಸಲಾಯಿತು. ಆವರೆಗೆ ಹೇಳಿದ ಸ್ಟೀರಾಯ್ಡಿನ ಹಾನಿಗೆ ಇದು ವಿರೋಧವಲ್ಲವೇ ಎಂದು ಓದುಗರು ಕೇಳಬಹುದು. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಕೀಲು ತುಂಬ ಸುರಿದು ಕೆಲವೇ ಗಂಟೆಗಳಲ್ಲಿ ಕಳೆದುಹೋಗುವ ಹೆಚ್ಚಿನ ಮಾತ್ರೆಗೂ, ಮೃದ್ವಸ್ಥಿಯೊಳಗೆ ಕುಳಿತು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುವ ಕಡಿಮೆ ಮಾತ್ರೆಗೂ ಪರಿಣಾಮವು ಒಂದೇ ಆಗಿರುವುದಿಲ್ಲ. 2018ರಲ್ಲಿ ಅದೇ ಎಂ.ಐ.ಟಿ.ಯಲ್ಲಿ ಮರದ ಕೊಂಬೆಗಳಂತೆ ಕವಲೊಡೆದ ಒಂದು ಕೃತಕ ಅಣುವಿಗೆ, ಮೃದ್ವಸ್ಥಿಯ ಜೀವಕೋಶಗಳನ್ನು ಚುರುಕುಗೊಳಿಸುವ ಐ.ಜಿ.ಎಫ್.-1 ಎಂಬ ಬೆಳವಣಿಗೆಯ ಅಂಶವನ್ನು ಕಟ್ಟಿದರು. ಬರಿಯ ಐ.ಜಿ.ಎಫ್.-1ಕ್ಕೆ ಹೋಲಿಸಿದರೆ ಇದು ಇಲಿಗಳ ಕೀಲಿನಲ್ಲಿ ಹತ್ತುಪಟ್ಟು ಹೆಚ್ಚು ಕಾಲ, 30 ದಿನಗಳವರೆಗೂ, ಉಳಿಯಿತು. ದನದ ಮೃದ್ವಸ್ಥಿಯ ತುಂಡುಗಳಲ್ಲಿ, ಮನುಷ್ಯನ ಮೃದ್ವಸ್ಥಿಯಷ್ಟು ದಪ್ಪವನ್ನು, ಎರಡು ದಿನಗಳಲ್ಲಿ ಹಾದುಹೋಯಿತು.

ಆವೇಶವನ್ನು ಬಿಟ್ಟು ಕೊಲಾಜೆನ್ನಿನ ಗುರುತನ್ನೇ ಓದಿ ಅಂಟಿಕೊಳ್ಳುವ ಕಿರುಸರಪಳಿಗಳನ್ನೂ ಸ್ವಿಟ್ಜರ್ಲೆಂಡಿನ ಸಂಶೋಧಕರು 2008ರಲ್ಲಿ ತೋರಿಸಿದ್ದಾರೆ. ಅದು ಇನ್ನೊಂದು ಕವಲು; ಇಲ್ಲಿ ವಿಸ್ತರಿಸುವುದಿಲ್ಲ.

ಬೆಂಗಳೂರಿನ ಕೆಲಸ

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರವಾಲ್ ಅವರ ತಂಡವು ಬೇರೊಂದು ಮಾರ್ಗವನ್ನು ಹಿಡಿದಿದೆ. ಅವರು ಆರಿಸಿಕೊಂಡ ಔಷಧವು ರಾಪಾಮೈಸಿನ್. ಈ ಔಷಧದ ಕಥೆಯೂ ಕೇಳತಕ್ಕದ್ದು. ಪೆಸಿಫಿಕ್ ಮಹಾಸಾಗರದ ಈಸ್ಟರ್ ದ್ವೀಪದಿಂದ, ಅಲ್ಲಿಯವರ ಭಾಷೆಯಲ್ಲಿ ರಾಪಾ ನುಯಿ, 1964ರಲ್ಲಿ ತಂದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಇದು ದೊರೆಯಿತು. ಇದನ್ನು ಬೇರ್ಪಡಿಸಿ ಬೆಳಕಿಗೆ ತಂದವರಲ್ಲಿ ಮುಖ್ಯರಾದವರು ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್. ಮೂತ್ರಪಿಂಡವನ್ನು ಕಸಿಮಾಡಿಸಿಕೊಂಡವರಿಗೆ ಕೊಡುವ ಔಷಧವೆಂದು ಇದು ವೈದ್ಯರಿಗೆ ಪರಿಚಿತ. ಜೀವಕೋಶವು ತನ್ನೊಳಗಿನ ಕಸವನ್ನು ತಾನೇ ಗುಡಿಸಿಕೊಳ್ಳುವ ಕ್ರಿಯೆಯನ್ನು ಇದು ಚುರುಕುಗೊಳಿಸುತ್ತದೆ. ಸವೆಯುವ ಕೀಲಿನ ಮುದಿಯಾದ ಜೀವಕೋಶಗಳಿಗೆ ಬೇಕಾದುದೂ ಅದೇ.

ಆದರೆ ರೋಗನಿರೋಧ ಶಕ್ತಿಯನ್ನು ಕುಗ್ಗಿಸುವ ಈ ಔಷಧವನ್ನು ಮೊಣಕಾಲಿಗಾಗಿ ದಿನಾಲು ನುಂಗಿಸುವುದು ಸಲ್ಲದು. ಬರಿದೆ ಕೀಲಿಗೆ ಚುಚ್ಚಿದರೆ ಬೇಗನೆ ಹೊರಟುಹೋಗುತ್ತದೆ. ಆದುದರಿಂದ ಬೆಂಗಳೂರಿನ ತಂಡವು ಪಿ.ಎಲ್.ಜಿ.ಎ. ಎಂಬ ಪಾಲಿಮರಿನ ಸೂಕ್ಷ್ಮ ಗೋಲಿಗಳಲ್ಲಿ ಅದನ್ನು ತುಂಬಿತು. ಇದು ಶಸ್ತ್ರಚಿಕಿತ್ಸೆಯಲ್ಲಿ ಬಳಸುವ, ತಾನಾಗಿ ಕರಗುವ ಹೊಲಿಗೆಯ ದಾರದ ಜಾತಿಗೆ ಸೇರಿದ ವಸ್ತು. ಇಂಥ ಗೋಲಿಗಳು ಇಲಿಮರಿಯಂಥ ಸಣ್ಣ ಇಲಿಗಳ ಕೀಲಿನಲ್ಲಿ ಸುಮಾರು ಒಂದು ತಿಂಗಳು ಉಳಿದು, ಗಾಯದ ಅನಂತರ ಬರುವ ಮೃದ್ವಸ್ಥಿಯ ಹಾನಿಯನ್ನು ತಗ್ಗಿಸಿದವು. ಗಮನಿಸಿರಿ, ಈ ಗೋಲಿಗಳು ನ್ಯಾನೊಮೀಟರಿನ ಅಳತೆಯವಲ್ಲ, ಮೃದ್ವಸ್ಥಿಯೊಳಗೆ ಹೋಗುವುದೂ ಇಲ್ಲ. ಅವು ಕೀಲಿನ ಅಂಗಳದಲ್ಲಿ ಕುಳಿತು ತೊಟ್ಟು ತೊಟ್ಟಾಗಿ ಔಷಧವನ್ನು ಬಿಡುತ್ತಿರುತ್ತವೆ. ಒಂದು ಮಾರ್ಗವು ಮನೆಯೊಳಗೆ ಹೊಕ್ಕುವ ಅತಿಥಿ, ಇನ್ನೊಂದು ಅಂಗಳದಲ್ಲಿಟ್ಟ ನೀರಿನ ಹರವಿ. ಯಾವುದು ಮೇಲೆಂದು ಮನುಷ್ಯರ ಮೇಲಿನ ಪರೀಕ್ಷೆಗಳೇ ಹೇಳಬೇಕು. ಎರಡನ್ನೂ ಕೂಡಿಸಿದ ಉಪಾಯವೇ ಕೊನೆಗೆ ಗೆಲ್ಲಬಹುದೆಂಬುದು ನನ್ನ ಎಣಿಕೆ.

ಆಸೆಯ ಮಿತಿ

ಇಲಿಯ ಮೃದ್ವಸ್ಥಿಯ ದಪ್ಪವು ಒಂದು ಮಿಲಿಮೀಟರಿನ ಸಣ್ಣ ಭಾಗ ಮಾತ್ರ. ಜಿನುಗುವಿಕೆಗೆ ಹಿಡಿಯುವ ಕಾಲವು ದಪ್ಪದ ವರ್ಗದಂತೆ ಬೆಳೆಯುತ್ತದೆ. ದಪ್ಪವು ಇಪ್ಪತ್ತು ಪಟ್ಟಾದರೆ ಕಾಲವು ನಾನೂರು ಪಟ್ಟಾಗುತ್ತದೆ. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದಕ್ಕೆ ಇಷ್ಟೇ ಸಾಕು.

ಇನ್ನೊಂದು ತೊಡಕು ಇದಕ್ಕಿಂತಲೂ ಕಠಿಣವಾದುದು. ರೋಗವು ಬೆಳೆದಂತೆ ಮೊದಲು ಕರಗುವುದೇ ಅಗ್ರಿಕ್ಯಾನ್. ಅದರೊಂದಿಗೆ ಋಣ ಆವೇಶವೂ ಕರಗುತ್ತದೆ. ಔಷಧವು ಹಿಡಿದುಕೊಳ್ಳಬೇಕಾದ ಹಿಡಿಕೆಯೇ, ಔಷಧವು ಬಹಳ ಬೇಕಾದ ಸಮಯದಲ್ಲಿ, ಸಡಿಲವಾಗಿರುತ್ತದೆ. ಮೃದ್ವಸ್ಥಿಯು ಪೂರ್ತಿ ಸವೆದು ಎಲುಬಿಗೆ ಎಲುಬು ತಾಕುವ ಹಂತದಲ್ಲಿ ಇಂಥ ಅಣುಗಳಿಗೆ ಹೊಕ್ಕಲು ಮನೆಯೇ ಇರುವುದಿಲ್ಲ. ಆದುದರಿಂದ ಇವು ಬಂದಾಗಲೂ ಮೊದಲು ಉಪಯೋಗವಾಗತಕ್ಕದ್ದು ಅಜ್ಜಿಗಲ್ಲ, ಗರಡಿಯಲ್ಲಿ ಅಥವಾ ಕಬಡ್ಡಿಯ ಅಂಗಳದಲ್ಲಿ ಮೊಣಕಾಲು ತಿರುಚಿಕೊಂಡ ಮೊಮ್ಮಗನಿಗೆ. ಮೊಣಕಾಲಿನ ಮುಖ್ಯ ಬಂಧಕವನ್ನು ಅಥವಾ ನಡುವಿನ ಮೆತ್ತೆಯನ್ನು ಹರಿದುಕೊಂಡವರಲ್ಲಿ ಹತ್ತಿಪ್ಪತ್ತು ವರ್ಷಗಳಲ್ಲಿ ಸುಮಾರು ಅರ್ಧ ಜನರಿಗೆ ಕೀಲಿನ ಸವೆತವು ಕಾಣಿಸಿಕೊಳ್ಳುತ್ತದೆ. ಅವರ ಮೃದ್ವಸ್ಥಿಯು ಗಾಯದ ದಿನ ಇನ್ನೂ ಗಟ್ಟಿಯಾಗಿರುತ್ತದೆ. ಕಾಪಾಡಲು ಏನಾದರೂ ಉಳಿದಿರುತ್ತದೆ.

ಮೃದ್ವಸ್ಥಿ ಬೆಳೆದರೆ ನೋವು ಹೋಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. ಸ್ಪ್ರಿಫರ್ಮಿನ್ ಎಂಬ ಬೆಳವಣಿಗೆಯ ಅಂಶವನ್ನು 549 ರೋಗಿಗಳ ಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ವರ್ಷಗಳಲ್ಲಿ ಹೆಚ್ಚಿನ ಮಾತ್ರೆಯ ಗುಂಪಿನ ಮೃದ್ವಸ್ಥಿಯು ಹುಸಿಮದ್ದಿನ ಗುಂಪಿಗಿಂತ 0.05 ಮಿಲಿಮೀಟರಿನಷ್ಟು ದಪ್ಪವಾಗಿತ್ತು. ನೋವಿನಲ್ಲಿ ಮಾತ್ರ ಹೇಳತಕ್ಕ ಭೇದ ಕಾಣಲಿಲ್ಲ. ಇದು ನಿರಾಶೆಯ ಮಾತಲ್ಲ; ಚಿತ್ರದಲ್ಲಿ ಕಾಣುವ ಲಾಭವನ್ನೂ ರೋಗಿಗೆ ತಿಳಿಯುವ ಲಾಭವನ್ನೂ ಬೇರೆ ಬೇರೆಯಾಗಿ ಅಳೆಯಬೇಕೆಂಬುದಕ್ಕೆ ಸಾಕ್ಷಿ.

ಮೃದ್ವಸ್ಥಿಯ ರೋಗವೆಲ್ಲ ಮುಪ್ಪಿನ ಸವೆತವೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಿಸಲ್ಪಟ್ಟು, ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಂಡುಬಂದ ಹಂದಿಗೋಡು ರೋಗವು ಬಡ ದಲಿತ ಕುಟುಂಬಗಳನ್ನು ಹೆಚ್ಚಾಗಿ ಹಿಡಿದಿದೆ. ಎಳೆಯ ವಯಸ್ಸಿನಲ್ಲಿಯೇ ಸೊಂಟದ ಕೀಲುಗಳು ಕೆಡುತ್ತವೆ. ಕೆಲವರಲ್ಲಿ ಬೆಳವಣಿಗೆಯು ಕುಂಠಿತವಾಗುತ್ತದೆ. ಮೊದಲು ಗದ್ದೆಯ ಏಡಿಯನ್ನೂ ಕೀಟನಾಶಕವನ್ನೂ ಸಂಶಯಿಸಲಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಅಧ್ಯಯನಗಳು ಇದು ಎಲುಬು ಮತ್ತು ಮೃದ್ವಸ್ಥಿಯ ಬೆಳವಣಿಗೆಯ ದೋಷ, ತಂದೆತಾಯಿಗಳಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಬರಬಲ್ಲ ಆನುವಂಶಿಕ ರೋಗ ಎಂಬ ನಿರ್ಣಯಕ್ಕೆ ಬಂದವು. ಇಂಥ ಕೀಲಿಗೆ ಅಗ್ರಿಕ್ಯಾನನ್ನು ಕಾಯುವ ಅಣುವನ್ನು ಕಳುಹಿಸಿದರೆ ಪ್ರಯೋಜನವಾದೀತೆಂದು ಹೇಳಲಾಗದು. ದೋಷವಿರುವುದು ಗಾದಿಯನ್ನು ಹೊಲಿದ ರೀತಿಯಲ್ಲಿ. ವಿಳಾಸ ಸರಿಯಿದ್ದರೆ ಸಾಲದು, ಕಳುಹಿಸುವ ಮದ್ದೂ ರೋಗಕ್ಕೆ ತಕ್ಕದ್ದಾಗಿರಬೇಕು.

ಅಲ್ಲಿಯವರೆಗೆ ಮನೆಯಲ್ಲಿ

ಈ ಲೇಖನವನ್ನು ಬರೆಯುವ ಹೊತ್ತಿಗೆ, ಸವೆಯುವ ಮೃದ್ವಸ್ಥಿಯನ್ನು ಮತ್ತೆ ಬೆಳೆಸುತ್ತದೆಂದು ಸಿದ್ಧಪಟ್ಟು ಮಾರಾಟಕ್ಕೆ ಅನುಮತಿ ಪಡೆದ ಗುಳಿಗೆಯಾಗಲಿ ಚುಚ್ಚುಮದ್ದಾಗಲಿ ಇಲ್ಲ. ಹಾಗೆ ಹೇಳಿ ಯಾರಾದರೂ ಮಾರಿದರೆ ಕೊಳ್ಳಬೇಡಿರಿ. ಗ್ಲುಕೋಸಮೀನ್ ಮತ್ತು ಕಾಂಡ್ರಾಯಿಟಿನ್ ಗುಳಿಗೆಗಳಿಗೆ ತಿಂಗಳಿಗೆ ಸಾವಿರ ರೂಪಾಯಿಯಷ್ಟು ಸುರಿಯುವ ಮನೆಗಳುಂಟು. 1,583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಒಟ್ಟು ರೋಗಿಗಳನ್ನು ಪರಿಗಣಿಸಿದಾಗ, ಅವು ಹುಸಿಮದ್ದಿಗಿಂತ ಮೇಲೆಂದು ತೋರಲಿಲ್ಲ. ಆ ಹಣದಲ್ಲಿ ಮನೆಯ ಹಿರಿಯರಿಗೆ ಕುಳಿತು ಉಪಯೋಗಿಸುವ ಪಾಯಿಖಾನೆಯ ಕುರ್ಚಿಯನ್ನೂ ಒಳ್ಳೆಯ ಅಟ್ಟೆಯ ಚಪ್ಪಲಿಯನ್ನೂ ತಂದುಕೊಟ್ಟರೆ ಮೊಣಕಾಲಿಗೆ ಹೆಚ್ಚು ಉಪಕಾರ.

ರಕ್ತನಾಳವಿಲ್ಲದ ಮೃದ್ವಸ್ಥಿಗೆ ಆಹಾರವು ಹೇಗೆ ಬರುತ್ತದೆ? ಕೀಲುರಸದಿಂದ. ಹೆಜ್ಜೆ ಊರಿದಾಗ ಒಳಗಿನ ದ್ರವವು ಸ್ವಲ್ಪ ಹಿಂಡಲ್ಪಡುತ್ತದೆ, ಎತ್ತಿದಾಗ ಮತ್ತೆ ಹೀರಲ್ಪಡುತ್ತದೆ. ನಡಿಗೆಯೇ ಅದರ ಪಂಪು. ನೋವಿದೆಯೆಂದು ಹಾಸಿಗೆ ಹಿಡಿದ ಕಾಲಿನ ಮೃದ್ವಸ್ಥಿಯು ತೆಳುವಾಗುತ್ತದೆ, ತೊಡೆಯ ಸ್ನಾಯುವೂ ಕರಗುತ್ತದೆ. ಆದುದರಿಂದ ದಿನಾಲು ಸಮತಟ್ಟಾದ ನೆಲದ ಮೇಲೆ, ತಾಳುವಷ್ಟು, ನಡೆಯಬೇಕು. ಉಣಕಲ್ ಕೆರೆಯ ದಂಡೆಯಾಗಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣವಾಗಲಿ ಬೆಳಗಿನ ಹೊತ್ತು ಇದಕ್ಕೆ ಅನುಕೂಲ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಪಡಸಾಲೆಯಲ್ಲಿ ಅಡ್ಡಾಡಿದರೂ ಆದೀತು. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಮುಂದಕ್ಕೆ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸಿರಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ಇದು ತೊಡೆಯ ಸ್ನಾಯುವನ್ನು ಬಲಪಡಿಸುತ್ತದೆ. ಮೈತೂಕವು ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಒಂದೊಂದು ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರವು ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ನಮ್ಮ ಕಡೆಯ ಹೆಣ್ಣುಮಕ್ಕಳು ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುತ್ತಾರೆ, ಕುಕ್ಕರಗಾಲಲ್ಲಿ ಅರಿವೆ ಒಗೆಯುತ್ತಾರೆ, ನೆಲ ಸಾರಿಸುತ್ತಾರೆ. ಮೊಣಕಾಲು ಪೂರ್ತಿ ಮಡಿಸಿದಾಗ ಒತ್ತಡವು ಬಹಳ ಹೆಚ್ಚುತ್ತದೆ. ಬಾವು ಕಾಣಿಸಿದವರು ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸತಕ್ಕದ್ದು. ಅತ್ತೆಯವರು ನೆಲದ ಮೇಲೆಯೇ ಬಡಿದ ರೊಟ್ಟಿಗೆ ರುಚಿ ಎನ್ನುತ್ತಾರೆ. ಅವರಿಗೆ ಮೊಣಕಾಲಿನ ಚಿತ್ರವನ್ನು ತೋರಿಸಿ ಒಪ್ಪಿಸುವುದು ಗಂಡಸರ ಕೆಲಸ.

ನೋವಿನ ಗುಳಿಗೆಯನ್ನು ವೈದ್ಯರು ಬರೆದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಸಕ್ಕರೆ ರೋಗ, ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ತಪ್ಪದೆ ಮೊದಲೇ ತಿಳಿಸಬೇಕು. ಒಂದು ಕೀಲು ಏಕಾಏಕಿ ಕೆಂಪಾಗಿ ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ ಅದು ಸವೆತವಲ್ಲ, ಕೀವು ತುಂಬಿರಬಹುದು. ಅದೇ ದಿನ ಧಾರವಾಡದ ಜಿಲ್ಲಾ ಆಸ್ಪತ್ರೆಗೆ ಅಥವಾ ಜನರು ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿ ವಿದ್ಯಾನಗರದ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಮೃದ್ವಸ್ಥಿಯು ಪೂರ್ತಿ ಸವೆದು ನಡೆಯಲಾಗದವರಿಗೆ ಕೀಲುಬದಲಿಯ ಶಸ್ತ್ರಚಿಕಿತ್ಸೆಯು ಇಂದಿಗೂ ಒಳ್ಳೆಯ ಉಪಾಯವೇ.

ಹೆಸರಿಲ್ಲದ ಪೊಟ್ಟಣದಲ್ಲಿ, ಗಿಡಮೂಲಿಕೆಯೆಂದು ಹೇಳಿ ಕೊಡುವ ಪುಡಿಯು ಎರಡೇ ದಿನಗಳಲ್ಲಿ ನೋವನ್ನು ಹಾರಿಸಿದರೆ ಹಿಗ್ಗಬೇಡಿರಿ, ಸಂಶಯಪಡಿರಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟು. ತಿಂಗಳುಗಟ್ಟಲೆ ತಿಂದವರ ಮುಖವು ಗುಂಡಗೆ ಊದಿಕೊಳ್ಳುತ್ತದೆ, ಚರ್ಮ ತೆಳುವಾಗಿ ಸಣ್ಣ ಪೆಟ್ಟಿಗೂ ಕಂದುಗಟ್ಟುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಈ ಸಾಲುಗಳನ್ನು ಓದಿ ಹೆದರಿ ಅದನ್ನು ಇಂದೇ ಒಮ್ಮೆಲೆ ನಿಲ್ಲಿಸಕೂಡದು. ಹೊರಗಿನ ಸ್ಟೀರಾಯ್ಡಿಗೆ ಒಗ್ಗಿಹೋದ ದೇಹವು ತನ್ನದನ್ನು ತಯಾರಿಸುವುದನ್ನು ಮರೆತಿರುತ್ತದೆ. ಥಟ್ಟನೆ ನಿಂತರೆ ರಕ್ತದೊತ್ತಡವು ಕುಸಿದು ಪ್ರಾಣಾಪಾಯವಾಗಬಹುದು. ಉಳಿದ ಪುಡಿಯನ್ನು ಪೊಟ್ಟಣದ ಸಮೇತ ತೆಗೆದುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಎಷ್ಟು ದಿನಗಳಿಂದ, ದಿನಕ್ಕೆ ಎಷ್ಟು ಸಲ ತಿನ್ನುತ್ತಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತಂದರೆ ಅದನ್ನು ಹಂತಹಂತವಾಗಿ ಬಿಡಿಸಲು ವೈದ್ಯರಿಗೆ ಸುಲಭವಾಗುತ್ತದೆ.